ಫಿಸಿಕ್ಸೋ, ಏರೋಸ್ಪೇಸೋ? ಗದಗಿನಿಂದ ಒಂದು ಪ್ರಶ್ನೆ

ಗದಗಿನ ಹುಡುಗ:
ನಾನು ಸೆಕೆಂಡ್ ಪಿಯು ಸೈನ್ಸ್. ಫಿಸಿಕ್ಸ್ ಓದಲಾ, ಏರೋಸ್ಪೇಸ್ (ವಿಮಾನ, ರಾಕೆಟ್‌ಗಳ ಎಂಜಿನಿಯರಿಂಗ್) ಮಾಡಲಾ ಗೊತ್ತಾಗುತ್ತಿಲ್ಲ. ಕಪ್ಪತಗುಡ್ಡದ ಕಡೆ ಹೋದಾಗಲೆಲ್ಲ ಆ ಕರೆಂಟ್ ತಯಾರಿಸುವ ಗಾಳಿ ಫ್ಯಾನು ನೋಡುತ್ತಾ ನಿಲ್ಲುತ್ತೇನೆ. ಒಮ್ಮೆ ಅದರ ಒಂದೇ ರೆಕ್ಕೆ ಹೊತ್ತ ಉದ್ದನೆಯ ಲಾರಿ ರಸ್ತೆ ಬದಿ ನಿಂತಿತ್ತು. ಹತ್ತಿರ ಹೋಗಿ ನೋಡಿದರೆ ರೆಕ್ಕೆ ಬುಡದ ಕಡೆ ಜಾಸ್ತಿ ತಿರುಚಿದೆ, ತುದಿಗೆ ಹೋದಂತೆ ಕಡಿಮೆ. ಯಾಕಿರಬಹುದು ಅಂತ ಎರಡು ದಿನ ತಲೆ ಕೆಡಿಸಿಕೊಂಡೆ. ಅಪ್ಪ ಮಾತ್ರ ಹುಬ್ಬಳ್ಳಿಯಲ್ಲೇ ಕಂಪ್ಯೂಟರ್ ಸೈನ್ಸ್ ಮಾಡು ಅಂತಾರೆ. ಸಿಇಟಿ, ಜೆಇಇ ಎರಡೂ ಬರೆಯುತ್ತೇನೆ. ಎಲ್ಲಿ ಸೇರೋದು ಒಳ್ಳೇದು?

ಹುಬ್ಬಳ್ಳಿ ಮೆಕ್ಯಾನಿಕಲ್:
ತಮ್ಮಾ, ಏರೋಸ್ಪೇಸ್ ಅಂತ ಬೋರ್ಡ್ ನೋಡಿ ದುಡ್ಡು ಕಟ್ಟಬೇಡ. ವಿಂಡ್ ಟನಲ್ (ಜೋರು ಗಾಳಿ ಹಾಯಿಸಿ ರೆಕ್ಕೆಗಳನ್ನು ಪರೀಕ್ಷಿಸುವ ಕೊಳವೆ) ಇದೆಯಾ, ಹುಡುಗರೇ ನಡೆಸುತ್ತಾರಾ ಅಂತ ಮೂರನೇ ವರ್ಷದವರನ್ನು ಕೇಳು. ನನ್ನ ಗೆಳೆಯ ಓದಿದ ಕಡೆ ಟನಲ್ ಇತ್ತು, ಆದರೆ ಅದರ ಮೇಲಿನ ಬಟ್ಟೆ ತೆಗೆಯುತ್ತಿದ್ದದ್ದು ಇನ್‌ಸ್ಪೆಕ್ಷನ್ ದಿನ ಮಾತ್ರ! ಒಳ್ಳೆ ಏರೋಸ್ಪೇಸ್ ಸೀಟು ಸಿಗದಿದ್ದರೆ ಒಳ್ಳೆ ಕಾಲೇಜಿನ ಮೆಕ್ಯಾನಿಕಲ್ ತಗೋ, ಆಮೇಲೆ ಗೇಟ್ ಬರೆದು ಎಂಟೆಕ್‌ಗೆ ಏರೋಸ್ಪೇಸ್ ಹಿಡಿ. ಇಸ್ರೋ ಮೆಕ್ಯಾನಿಕಲ್, ಎಲೆಕ್ಟ್ರಾನಿಕ್ಸ್ ಓದಿದವರನ್ನೂ ತಗೊಳ್ಳುತ್ತದೆ. ಇಸ್ರೋ ನಡೆಸಿದ ಸತೀಶ್ ಧವನ್ ಅವರೇ ಮೊದಲು ಗಣಿತ-ಫಿಸಿಕ್ಸ್, ನಂತರ ಇಂಗ್ಲಿಷ್ ಸಾಹಿತ್ಯ, ಅದಾದ ಮೇಲೆ ಮೆಕ್ಯಾನಿಕಲ್ ಓದಿದವರು.

ಧಾರವಾಡದ ಅಕ್ಕ, ಎಂಎಸ್ಸಿ ಫಿಸಿಕ್ಸ್:
ರೆಕ್ಕೆಯ ತುದಿ ಜೋರಾಗಿ ಓಡುತ್ತದೆ, ಬುಡ ನಿಧಾನ. ಹಾಗಾಗಿ ಎರಡಕ್ಕೂ ಗಾಳಿ ಬೇರೆ ಬೇರೆ ಕೋನದಲ್ಲಿ ಬಂದು ತಾಗುತ್ತದೆ, ಅದಕ್ಕೇ ಆ ತಿರುಚು. ಇದನ್ನು ಓದಿದ ಮೇಲೆ ನಿನ್ನ ತಲೆಗೆ ಏನು ಬಂತು? ರೆಕ್ಕೆಗೆ ಆ ಬಲ ಎಲ್ಲಿಂದ ಬಂತು ಅಂತಾದರೆ ಫಿಸಿಕ್ಸ್. ಎಷ್ಟು ಡಿಗ್ರಿ ತಿರುಚಿದರೆ ಜಾಸ್ತಿ ಕರೆಂಟ್ ಅಂತಾದರೆ ಏರೋಸ್ಪೇಸ್.

ಫಿಸಿಕ್ಸ್ ಆದರೆ ಬೆಂಗಳೂರಿನ ಐಐಎಸ್‌ಸಿಯಲ್ಲಿ 4 ವರ್ಷದ ಬಿಎಸ್ ಇದೆ. ಐಸರ್ ಎಂಬ ಕೇಂದ್ರ ಸರ್ಕಾರದ ವಿಜ್ಞಾನ ಸಂಸ್ಥೆಗಳಲ್ಲಿ 5 ವರ್ಷದ ಬಿಎಸ್-ಎಂಎಸ್, ಅದಕ್ಕೆ ಐಎಟಿ ಅಂತ ಬೇರೆ ಪರೀಕ್ಷೆ. ನಮ್ಮ ಕಡೆ ಎಷ್ಟೋ ಮಕ್ಕಳಿಗೆ ಅದು ಗೊತ್ತಾಗೋದೇ ಅರ್ಜಿ ಮುಗಿದ ಮೇಲೆ. ಇದ್ಯಾವುದೂ ಆಗದಿದ್ದರೆ ಹೆದರಬೇಡ, ನಾನು ಇಲ್ಲೇ ಬಿಎಸ್ಸಿ ಮಾಡಿ ಎಂಎಸ್ಸಿ ಪ್ರವೇಶ ಪರೀಕ್ಷೆ ಜಾಮ್ ಬರೆದು ಐಐಟಿಗೆ ಹೋದವಳು. ತಿರುವನಂತಪುರದ ಐಐಎಸ್‌ಟಿ ಬಾಹ್ಯಾಕಾಶ ಇಲಾಖೆಯದೇ ಕಾಲೇಜು, 2007ರಲ್ಲಿ ಶುರುವಾದದ್ದು. ಅಲ್ಲಿ ಏರೋಸ್ಪೇಸೂ ಇದೆ, ಎಂಜಿನಿಯರಿಂಗ್ ಫಿಸಿಕ್ಸೂ ಇದೆ. ಜೆಇಇ ಅಡ್ವಾನ್ಸ್ಡ್ ರ‍್ಯಾಂಕ್ ಬೇಕು, ಆದರೆ ಐಐಟಿ ಸೀಟು ಹಂಚುವ ಜೋಸಾದಲ್ಲಿ ಅದು ಬರಲ್ಲ, ಅವರದೇ ಅರ್ಜಿ ಹಾಕಬೇಕು. ಎಂಜಿನಿಯರಿಂಗ್ ಫಿಸಿಕ್ಸ್ ನಮ್ಮ ಐಐಟಿ ಧಾರವಾಡದಲ್ಲೂ ಇದೆ, ಅಪ್ಪನಿಗೆ ಹೇಳು.

ಗದಗಿನ ಹುಡುಗ:
ಅಕ್ಕಾ, ಎಷ್ಟು ಡಿಗ್ರಿ ಅಂತಲೇ ಬಂತು. ನಿನ್ನೆ ರಟ್ಟು ಕತ್ತರಿಸಿ ರೆಕ್ಕೆ ಮಾಡಿ ಟೇಬಲ್ ಫ್ಯಾನ್ ಮುಂದೆ ಹಿಡಿದೆ, ತಿರುಚಿದ್ದೇ ಚೆನ್ನಾಗಿ ತಿರುಗಿತು. ಅಪ್ಪ ಧಾರವಾಡ ಅಂದ ಕೂಡಲೇ ಖುಷಿಯಾದರು, ಶನಿವಾರ ಸಂಜೆ ಬಸ್ಸಿಗೆ ಊರಿಗೆ ಬರಬಹುದಲ್ವಾ ಅಂತ. ಐಐಎಸ್‌ಟಿ ಎಷ್ಟು ದೂರ ಅಂತ ಇನ್ನೂ ಹೇಳಿಲ್ಲ.