ಸಹಾಯ ಬೇಕು: ಕೈಪಿಡಿಯಲ್ಲಿ ‘ಬೇಕು’ ಅಂದರೆ ನಿಯಮವೋ, ಸಲಹೆಯೋ?

ನಮಸ್ಕಾರ. ಒಂದು ಸಾಫ್ಟ್‌ವೇರ್ ಕೈಪಿಡಿಯನ್ನು ಕನ್ನಡದಲ್ಲಿ ಬರೆಯುತ್ತಾ ಒಂದು ಕಡೆ ಸಿಕ್ಕಿಹಾಕಿಕೊಂಡಿದ್ದೇನೆ.

ಇಂಟರ್‌ನೆಟ್ ಮಾನದಂಡಗಳನ್ನು ಬರೆಯುವಾಗ ಯಾವ ಪದಕ್ಕೆ ಯಾವ ಅರ್ಥ ಎಂದು ಹೇಳುವ ದಾಖಲೆ, 1997ರ ಆರ್‌ಎಫ್‌ಸಿ 2119ರಲ್ಲಿ, ಇಂಗ್ಲಿಷಿನ ‘ಮಸ್ಟ್’ ಅಂದರೆ ಕಡ್ಡಾಯ. ‘ಶುಡ್’ ಅಂದರೆ ಸರಿಯಾದ ಕಾರಣವಿದ್ದರೆ ಮಾತ್ರ ಬಿಡಬಹುದು. ‘ಮೇ’ ಅಂದರೆ ನಿಮ್ಮಿಷ್ಟ. ಪದ ಪೂರ್ತಿ ದೊಡ್ಡಕ್ಷರದಲ್ಲಿ (ಕ್ಯಾಪಿಟಲ್) ಇದ್ದಾಗ ಮಾತ್ರ ಈ ವಿಶೇಷ ಅರ್ಥ ಎಂದು 2017ರ ಆರ್‌ಎಫ್‌ಸಿ 8174 ಸ್ಪಷ್ಟಪಡಿಸಿತು. ನಮ್ಮ ಲಿಪಿಯಲ್ಲಿ ದೊಡ್ಡಕ್ಷರವೇ ಇಲ್ಲ, ಅಲ್ವಾ? ‘ಪಾಸ್‌ವರ್ಡ್ ಬದಲಿಸಬೇಕು’ ಎಂದು ಸುಮ್ನೆ ಬರೆದರೆ ಇಬ್ಬರು ಎರಡು ಥರ ಓದಿಕೊಳ್ಳುತ್ತಾರೆ.

ಸದ್ಯಕ್ಕೆ ‘ಬದಲಿಸಲೇಬೇಕು’, ‘ಬದಲಿಸುವುದು ಒಳ್ಳೆಯದು’, ‘ಬದಲಿಸಬಹುದು’ ಎಂದು ಮೂರು ರೂಪ ಇಟ್ಟುಕೊಂಡು ದಪ್ಪ ಅಕ್ಷರದಲ್ಲಿ ಹಾಕುತ್ತಿದ್ದೇನೆ. ಆದರೆ ಬಟನ್ ಹೆಸರುಗಳೂ ದಪ್ಪ ಅಕ್ಷರದಲ್ಲೇ ಇವೆ. ಹೀಗಾಗಿ ಗೊಂದಲ ಇನ್ನೂ ಜಾಸ್ತಿ.

ಇಂಥದ್ದನ್ನು ಬರೆದವರು ಇದ್ದೀರಾ? ನೀವು ಬಳಸುವ ಒಂದೆರಡು ಸಾಲು ಮಾದರಿಗೆ ಹಾಕಿ, ದಯವಿಟ್ಟು.