ಗಣಿತ ಉಪನ್ಯಾಸಕರನ್ನು ಕೇಳಿ: ಗೆರೆ ಎಳೆದ ಮೇಲೆ ಯಾವ ಪಕ್ಕ?

ಪ್ರಶ್ನೆ (ದ್ವಿತೀಯ ಪಿಯು ವಿದ್ಯಾರ್ಥಿನಿ, ಗೋಣಿಕೊಪ್ಪಲು): ಸರ್, ಹತ್ತನೇ ತರಗತಿಯಲ್ಲಿ ರೇಖಾತ್ಮಕ ಸಮೀಕರಣಗಳ ನಕ್ಷೆ ಸಲೀಸಾಗಿ ಬರುತ್ತಿತ್ತು. ಈಗ ಅಸಮತೆ (= ಬದಲು ‘ಕಡಿಮೆ’ ಅಥವಾ ‘ಹೆಚ್ಚು’ ಚಿಹ್ನೆ ಇರುವುದು) ಕೊಟ್ಟರೆ ಗೆರೆ ಎಳೆದು ಅಲ್ಲೇ ನಿಲ್ಲುತ್ತೇನೆ. ಎರಡೂ ಅಷ್ಟು ಬೇರೆಯೇ?

ಉತ್ತರ (ಉಪನ್ಯಾಸಕರು, ಮಡಿಕೇರಿ): ಗೆರೆಯವರೆಗಿನ ಕೆಲಸ ಎರಡಕ್ಕೂ ಒಂದೇ ಅಮ್ಮಾ. ಸಮೀಕರಣದಲ್ಲಿ ಆ ಗೆರೆಯೇ ಉತ್ತರ. ಅಸಮತೆಯಲ್ಲಿ ಅದು ಗಡಿ ಮಾತ್ರ.

ಮಳೆ ಹಿಡಿಯುವ ಹೊತ್ತಿಗೆ 600 ರೂಪಾಯಿ ಹಿಡಿದು ನರ್ಸರಿಗೆ ಹೋದೆ ಎಂದುಕೋ. ಕಾಫಿ ಸಸಿಗೆ 10, ಮೆಣಸಿನ ಬಳ್ಳಿಗೆ 20 ರೂಪಾಯಿ ಇರಲಿ. ಸಸಿ ಎಕ್ಸ್, ಬಳ್ಳಿ ವೈ. ಹಣವೆಲ್ಲ ಮುಗಿಯಲೇಬೇಕೆಂದರೆ ಎಕ್ಸ್ + 2ವೈ = 60. (60, 0) ಮತ್ತು (0, 30) ಸೇರಿಸಿದರೆ ಗೆರೆ ಸಿಕ್ಕಿತು. 20 ಸಸಿ, 20 ಬಳ್ಳಿ ಅದರ ಮೇಲೆಯೇ ಕೂರುತ್ತದೆ. ಆದರೆ 20 ಸಸಿ, 10 ಬಳ್ಳಿ ಕೊಂಡು 200 ರೂಪಾಯಿ ಉಳಿಸಿಕೊಂಡರೂ ತಪ್ಪೇನು? ಆ ಬಿಂದು ಗೆರೆಯ ಕೆಳಗಿದೆ. ಅದನ್ನೂ ಒಪ್ಪುವುದೇ ಎಕ್ಸ್ + 2ವೈ ≤ 60. 40 ಸಸಿ, 20 ಬಳ್ಳಿಗೆ 800 ಬೇಕು, ಅದು ಹೊರಗೆ. ಸಸಿ, ಬಳ್ಳಿಗಳ ಸಂಖ್ಯೆ ಸೊನ್ನೆಗಿಂತ ಕಡಿಮೆಯಾಗದು. ಹಾಗಾಗಿ ಉಳಿಯುವುದು ಒಂದು ತ್ರಿಭುಜ, ಅದರಲ್ಲೂ ಪೂರ್ಣಸಂಖ್ಯೆಯ ಬಿಂದುಗಳು ಮಾತ್ರ.

≤ ಇದ್ದರೆ ಗಡಿಯೂ ಉತ್ತರಕ್ಕೆ ಸೇರುತ್ತದೆ, ಗೆರೆಯನ್ನು ಅಖಂಡವಾಗಿ ಎಳೆ. ಬರೀ < ಇದ್ದರೆ ತುಂಡು ಗೆರೆ.

ಪ್ರಶ್ನೆ (ಪಾಲಕರು, ಸುಂಟಿಕೊಪ್ಪ): ‘ಕಡಿಮೆ’ ಚಿಹ್ನೆಗೆ ಕೆಳಗೆ, ‘ಹೆಚ್ಚು’ ಚಿಹ್ನೆಗೆ ಮೇಲೆ ಎಂದು ಮಗ ಬಾಯಿಪಾಠ ಮಾಡಿದ್ದಾನೆ. ಸಾಕೇ ಸರ್?

ಉತ್ತರ: ದಯವಿಟ್ಟು ಬಿಡಿಸಿ. 2ಎಕ್ಸ್ − ವೈ ≤ 4 ತೆಗೆದುಕೊಳ್ಳಿ. ಚಿಹ್ನೆ ‘ಕಡಿಮೆ’ಯದು, ಉತ್ತರ ಇರುವುದು ಗೆರೆಯ ಮೇಲ್ಭಾಗದಲ್ಲಿ! ವೈ ಮುಂದೆ ಋಣ ಚಿಹ್ನೆ ಇದೆ. ಅದನ್ನು ಕಳೆಯಲು −1ರಿಂದ ಗುಣಿಸಿದಾಗ ಅಸಮತೆಯ ಚಿಹ್ನೆ ತಿರುಗುತ್ತದೆ, ವೈ ≥ 2ಎಕ್ಸ್ − 4 ಆಗುತ್ತದೆ. ಪರೀಕ್ಷೆಯ ಆತಂಕದಲ್ಲಿ ಮಕ್ಕಳು ಜಾರುವುದು ಇಲ್ಲಿಯೇ. ಅದಕ್ಕಿಂತ ಮೂಲಬಿಂದುವನ್ನು ಹಾಕಿ ನೋಡಲಿ: 0 ≤ 4 ನಿಜ, ಆದ್ದರಿಂದ (0, 0) ಇರುವ ಪಕ್ಕವೇ ಉತ್ತರ. ಒಂದು ಬಿಂದು ಒಪ್ಪಿದರೆ ಆ ಪಕ್ಕವೆಲ್ಲ ಒಪ್ಪುತ್ತದೆ.

ಪ್ರಶ್ನೆ (ಅದೇ ವಿದ್ಯಾರ್ಥಿನಿ): ಗೆರೆ ಮೂಲಬಿಂದುವಿನ ಮೂಲಕವೇ ಹೋದರೆ ಸರ್?

ಉತ್ತರ: ಒಳ್ಳೆಯ ಪ್ರಶ್ನೆ. ಆಗ ಗೆರೆಯ ಮೇಲಿಲ್ಲದ ಬೇರೆ ಬಿಂದು ಹಿಡಿ. ವೈ > 3ಎಕ್ಸ್‌ಗೆ (1, 0) ಹಾಕಿದರೆ 0 > 3 ಸುಳ್ಳು. ಎದುರು ಪಕ್ಕಕ್ಕೆ ಛಾಯೆ ಹಾಕು.