ಗಾಳಕ್ಕೆ ಮೀನು ಬೀಳದ ದಿನ ಶೂಟಿಂಗ್ ಏನು ಮಾಡುತ್ತೀರಿ? (ಮಕ್ಕಳ ಸೀರೀಸ್, ಗೋವಾ)

ಜುವಾರಿ ದಂಡೆ, ವಾಸ್ಕೋ:
ಎಲ್ಲರಿಗೂ ನಮಸ್ಕಾರ. ವಾಸ್ಕೋದ ನಾವು ಕೆಲವು ಕನ್ನಡದ ಹುಡುಗರು ಸೇರಿ ಮಕ್ಕಳಿಗಾಗಿ ಮೀನು ಹಿಡಿಯುವ ಟೀವಿ ಸೀರೀಸ್ ಒಂದನ್ನು ಮಾಡುತ್ತಿದ್ದೇವೆ. ಹತ್ತು-ಹನ್ನೆರಡು ವಯಸ್ಸಿನ ನಾಲ್ಕು ಮಕ್ಕಳು, ಎಪಿಸೋಡ್‌ಗೆ ಒಂದು ಜಾಗ. ಒಬ್ಬಳು ಕಾರವಾರದ ಕಡೆಯವಳು, ಉಳಿದವರದು ಬಾಗಲಕೋಟೆ, ಗದಗದಿಂದ ಬಂದು ಇಲ್ಲಿ ನೆಲೆಸಿದ ಕುಟುಂಬಗಳು, ಅವರು ಗಾಳ ಹಿಡಿದಿದ್ದೇ ಈಗ. ರೆಕ್ಕಿಗೆ (ಶೂಟಿಂಗ್‌ಗೆ ಮೊದಲು ಜಾಗ ನೋಡೋಕೆ) ಅಂತ ಮಕ್ಕಳನ್ನೂ ಕರೆದುಕೊಂಡು ಕೊರ್ಟಾಲಿಂ ಹತ್ತಿರ ಜುವಾರಿ ದಡಕ್ಕೆ ಹೋಗಿದ್ದೆವು. ಮಧ್ಯಾಹ್ನದವರೆಗೆ ಕೂತರೂ ಬೆಂಡು ಅಲುಗಲಿಲ್ಲ. ಮಕ್ಕಳಿಗೆ ಬೇಜಾರಾಗಲಿಲ್ಲ, ಕಲ್ಲಿನ ಸಂದಿಯಲ್ಲಿ ಏಡಿ ಹುಡುಕುತ್ತಾ ಇದ್ದರು. ಬೇಜಾರಾಗಿದ್ದು ದುಡ್ಡು ಹಾಕುವವರಿಗೆ. ಮಾರ್ಕೆಟ್‌ನಿಂದ ಮೀನು ತಂದು ಗಾಳಕ್ಕೆ ಸಿಕ್ಕಿಸಿ ನೀರಿಗೆ ಬಿಟ್ಟು ಎಳೆಸಿ, ಯಾರಿಗೆ ಗೊತ್ತಾಗುತ್ತೆ ಅನ್ನುತ್ತಾರೆ. ನನಗೆ ಇದು ಸುತರಾಂ ಒಪ್ಪಿಗೆಯಿಲ್ಲ, ಆದರೆ ಅವರ ಮುಂದೆ ಇಡೋಕೆ ಗಟ್ಟಿ ಉತ್ತರ ಬೇಕು. ಇಂಥ ಕೆಲಸ ಮಾಡಿದವರು ಹೇಳಿ. ಮಕ್ಕಳ ಪರ್ಮಿಷನ್ ಬಗ್ಗೆ ಗೊತ್ತಿದ್ದವರೂ ಹೇಳಿ.

ಎಡಿಟ್ ಟೇಬಲ್, ಮುಂಬೈ:
ದಯವಿಟ್ಟು ಆ ಕೆಲಸಕ್ಕೆ ಕೈ ಹಾಕಬೇಡಿ. ನೋಡುವ ಮಕ್ಕಳಿಗೆ ಗೊತ್ತಾಗುತ್ತದೆ. ಮಾರ್ಕೆಟ್ ಮೀನಿನ ಕಣ್ಣು ಮಂಕಾಗಿರುತ್ತದೆ, ಕಿವಿರು ಬಿಳಿಚಿಕೊಂಡಿರುತ್ತದೆ, ದಾರ ಎಳೆದರೆ ಸುಮ್ನೆ ನೆಟ್ಟಗೆ ಮೇಲೆ ಬರುತ್ತದೆ. ಜೀವ ಇರುವ ಮೀನು ಪಕ್ಕಕ್ಕೆ ಓಡುತ್ತದೆ, ದಾರ ನೀರು ಸೀಳಿಕೊಂಡು ಹೋಗುತ್ತದೆ, ರಾಡ್‌ನ ತುದಿ ಪಟಪಟ ಬಡಿದುಕೊಳ್ಳುತ್ತದೆ. ಅದಕ್ಕಿಂತ ದೊಡ್ಡದು ಮಗುವಿನ ಮುಖ. ನಿಜವಾಗಿ ಮೀನು ಕಚ್ಚಿದಾಗ ಮಗು ಮೊದಲು ಹೆದರುತ್ತದೆ, ಆಮೇಲೆ ಬಾಯಿ ತೆರೆಯುತ್ತದೆ, ಪಕ್ಕದವರನ್ನು ನೋಡುತ್ತದೆ, ನಗು ಬರೋದು ಕೊನೆಗೆ. ನಟಿಸಲು ಹೇಳಿದ ಮಗು ನೇರ ನಗುವಿಗೇ ಹೋಗುತ್ತದೆ. ಎಡಿಟ್‌ನಲ್ಲಿ ಏನು ಮಾಡಿದರೂ ಅದು ಸರಿಹೋಗಲ್ಲ. ಜೀವಂತ ಮೀನು ತಂದು ಚುಚ್ಚುತ್ತೇವೆ ಅಂದರೆ ಅದು ಇನ್ನೂ ಕೆಟ್ಟದ್ದು. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಮನುಷ್ಯನನ್ನು ಬಿಟ್ಟು ಎಲ್ಲ ಜೀವಿಗಳೂ ಪ್ರಾಣಿಗಳೇ, ಮೀನೂ ಸೇರಿ. ಇದನ್ನು ನಿಮ್ಮವರಿಗೆ ತೋರಿಸಿ.

ಮೀನು ಬೀಳದ ದಿನವೂ ಎಪಿಸೋಡ್ ಆಗುವ ಹಾಗೆ ಬರೆದುಕೊಳ್ಳಿ. ಮೀನು ಸಿಗುತ್ತಾ ಇಲ್ವಾ ಅನ್ನೋದರ ಮೇಲೆಯೇ ಕಥೆ ನಿಂತರೆ ಬರಿಗೈಲಿ ಬಂದ ದಿನ ಎಲ್ಲಾ ವೇಸ್ಟ್. ಈ ಮೀನು ಇಲ್ಲಿಗೆ ಯಾಕೆ ಬರುತ್ತೆ, ಏನು ತಿನ್ನುತ್ತೆ ಅಂತ ಮಕ್ಕಳು ಹುಡುಕಲಿ, ಸಿಕ್ಕರೆ ಸಿಗಲಿ. ನೀವು ಹೇಳಿದ ಏಡಿ ಹುಡುಕಾಟ ಇದೆಯಲ್ಲ, ಅದನ್ನು ಶೂಟ್ ಮಾಡಬೇಕಿತ್ತು. ಎರಡು ಕ್ಯಾಮೆರಾ ಇಡಿ, ಒಂದು ಯಾವಾಗಲೂ ಮುಖದ ಮೇಲೆ. ಪ್ರೀ-ರೆಕಾರ್ಡ್ ಇರುವ ಕ್ಯಾಮೆರಾ ತಗೊಳ್ಳಿ, ಬಟನ್ ಒತ್ತುವ ಮೊದಲಿನ ಕೆಲವು ಸೆಕೆಂಡ್ ಅದರಲ್ಲಿ ಉಳಿದಿರುತ್ತದೆ. ಮೀನು ಕಚ್ಚುವ ಹೊತ್ತು ಅಷ್ಟೇ ಅಲ್ವಾ.

ಬೇತುಲ್ ದೋಣಿ, ಮಡಗಾಂವ್:
ತಮ್ಮಾ, ಮೇಲಿನವರು ಕ್ಯಾಮೆರಾ ಹೇಳಿದರು, ನಾನು ನೀರಿನದು ಹೇಳುತ್ತೇನೆ. ನಾನು ಕಾರವಾರದವನು. ಕಾಲ್‌ಶೀಟ್ ಮಾಡುವ ಮೊದಲು ಉಬ್ಬರ-ಇಳಿತದ ಟೇಬಲ್ ಎದುರಿಗೆ ಇಟ್ಟುಕೋ. ನಮ್ಮ ಕರಾವಳಿಯಲ್ಲಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ, ಮತ್ತೆ ಅದು ದಿನಾ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಕಂಟಿನ್ಯುಟಿ, ಅಂದ್ರೆ ಒಂದು ಶಾಟ್‌ಗೂ ಇನ್ನೊಂದಕ್ಕೂ ಇರಬೇಕಾದ ಹೊಂದಿಕೆ, ಕೆಡೋದು ಇಲ್ಲೇ. ಇವತ್ತು ಏಳು ಗಂಟೆಗೆ ಹುಡುಗನ ಹಿಂದೆ ಕಾಣುವ ಬಂಡೆ ನಾಲ್ಕು ದಿನ ಬಿಟ್ಟು ಅದೇ ಏಳಕ್ಕೆ ಹೋದರೆ ನೀರೊಳಗೆ ಇರುತ್ತದೆ. ಅದೇ ಬೆಳಕು, ಅದೇ ನೀರು ಎರಡೂ ಬೇಕಾದರೆ ಹದಿನೈದು ದಿನ ಕಾಯಬೇಕು, ಅಮಾವಾಸ್ಯೆಯ ಲೆಕ್ಕ ಹೆಚ್ಚುಕಡಿಮೆ ಹುಣ್ಣಿಮೆಗೆ ಮತ್ತೆ ಕೂಡುತ್ತದೆ.

ಒಂದು ಎಪಿಸೋಡ್ ಖಜಾನ್ ಗದ್ದೆಯಲ್ಲಿ ಮಾಡು, ಅಂದ್ರೆ ಉಬ್ಬರದ ಉಪ್ಪುನೀರನ್ನು ಬದು ಹಾಕಿ ತಡೆದ ಗದ್ದೆ. ನಮ್ಮ ಅಘನಾಶಿನಿಯ ಗಜನಿ ಗದ್ದೆ ಇದ್ದ ಹಾಗೇ. ಬದುವಿನಲ್ಲಿ ಮರದ ಬಾಗಿಲು ಇರುತ್ತದೆ, ಮಾನಸ ಅನ್ನುತ್ತಾರೆ. ಉಬ್ಬರದ ನೀರು ಒತ್ತಿದರೆ ತಾನೇ ಮುಚ್ಚುತ್ತದೆ, ಇಳಿತದಲ್ಲಿ ಒಳಗಿನ ನೀರು ತಳ್ಳಿ ತೆರೆಯುತ್ತದೆ. ಮಕ್ಕಳಿಗೆ ಅದನ್ನು ನೋಡೋದೇ ಒಂದು ಖುಷಿ. ಮೀನೂ ಅಲ್ಲೇ ಸೇರುತ್ತವೆ. ಆದರೆ ಅಲ್ಲಿ ಮೀನು ಹಿಡಿಯುವ ಹಕ್ಕನ್ನು ಹರಾಜು ಹಾಕಿರುತ್ತಾರೆ, ಪಡೆದವರನ್ನು ಕೇಳದೆ ಗಾಳ ಹಾಕಬೇಡ. ಇನ್ನೊಂದು ಎಪಿಸೋಡ್ ರಂಪಣಿ. ಬಾಣಾವಳಿಯಲ್ಲಿ ದಡದಿಂದ ಬಲೆ ಎಳೆಯುವಾಗ ಮಕ್ಕಳೂ ಹಗ್ಗ ಹಿಡಿಯಬಹುದು. ಟ್ರಾಲರ್ ಜೆಟ್ಟಿ ತೋರಿಸೋದಿದ್ದರೆ ಜೂನ್ 1ರಿಂದ ಜುಲೈ 31ರವರೆಗೆ ಬಿಡು, ಮೀನುಗಾರಿಕೆ ನಿಷೇಧದ ಸಮಯ.

ಗಾಳದ ತುದಿಯಲ್ಲಿ ಹಿಂದಕ್ಕೆ ಬಾಗಿದ ಚಿಕ್ಕ ಮುಳ್ಳು ಇರುತ್ತದಲ್ಲ, ಅದನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿ ಮಕ್ಕಳ ಕೈಗೆ ಕೊಡು. ಬೆರಳಿಗೆ ಚುಚ್ಚಿದರೂ ಸಲೀಸಾಗಿ ಬರುತ್ತದೆ, ಮೀನನ್ನೂ ಬೇಗ ಬಿಡಿಸಬಹುದು. ವಾಪಸ್ ಬಿಡುವ ಮೀನನ್ನು ಕೈ ಒದ್ದೆ ಮಾಡಿಕೊಂಡೇ ಮುಟ್ಟಬೇಕು. ಒಣ ಕೈಗೆ ಅದರ ಮೈಮೇಲಿನ ಲೋಳೆ ಅಂಟಿಕೊಂಡು ಹೋಗುತ್ತದೆ, ಅದು ಹೋದರೆ ಮೀನಿಗೆ ರೋಗ ಬರುತ್ತದೆ. ರೀಟೇಕ್‌ಗೆ ಅಂತ ಮೀನು ಹಿಡಿದು ನಿಲ್ಲಿಸಲೇಬೇಡ.

ಮಕ್ಕಳ ಸೆಟ್, ಪಣಜಿ:
ಪರ್ಮಿಷನ್ ಬಗ್ಗೆ ನಾನು ಹೇಳುತ್ತೇನೆ. ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ತಿದ್ದುಪಡಿ ಆಯಿತು, 2017ರಲ್ಲಿ ಅದರ ನಿಯಮ ಬಂತು. ಶೂಟಿಂಗ್ ಎಲ್ಲಿ ನಡೆಯುತ್ತದೋ ಆ ಜಿಲ್ಲೆಯ ಜಿಲ್ಲಾಧಿಕಾರಿಯ ಒಪ್ಪಿಗೆ ಬೇಕು. ಜುವಾರಿಯಲ್ಲಿ ಇದನ್ನು ನೆನಪಿಡಿ: ಕೊರ್ಟಾಲಿಂ ದಕ್ಷಿಣ ಗೋವಾ, ಸೇತುವೆ ದಾಟಿದರೆ ಆಗಸಾಯಿಂ ಉತ್ತರ ಗೋವಾ. ಎರಡೂ ದಡದಲ್ಲಿ ಮಾಡೋದಾದರೆ ಎರಡು ಕಡೆ ಅರ್ಜಿ. ಜಾಗದ ಪರ್ಮಿಷನ್‌ಗೆ ಪಣಜಿಯ ಎಂಟರ್‌ಟೈನ್‌ಮೆಂಟ್ ಸೊಸೈಟಿ ಆಫ್ ಗೋವಾಗೆ ಹೋಗಿ.

ಮಗುವಿನಿಂದ ದಿನಕ್ಕೆ ಐದು ಗಂಟೆಗಿಂತ ಜಾಸ್ತಿ ಕೆಲಸ ಮಾಡಿಸುವಂತಿಲ್ಲ, ಬಿಡುವು ಕೊಡದೆ ಮೂರು ಗಂಟೆ ಮೀರುವಂತಿಲ್ಲ. ಐದು ಮಕ್ಕಳಿಗೆ ಒಬ್ಬರಂತೆ ನೋಡಿಕೊಳ್ಳುವವರು ಇರಬೇಕು. ಮಗುವಿನ ಸಂಪಾದನೆಯಲ್ಲಿ ಕನಿಷ್ಠ ಶೇ 20 ಅದರ ಹೆಸರಲ್ಲೇ ಬ್ಯಾಂಕಿನಲ್ಲಿ ಡೆಪಾಸಿಟ್ ಆಗಬೇಕು. ನೀವು ಬೆಳಗಿನಿಂದ ಮಧ್ಯಾಹ್ನದವರೆಗೆ ಕೂರಿಸಿದ್ದು ಓದಿ ನನಗೆ ಗಾಬರಿಯಾಯಿತು. ಲೈಟ್, ಕ್ಯಾಮೆರಾ ಎಲ್ಲಾ ದೊಡ್ಡವರು ಮೊದಲೇ ಹಾಕಿಟ್ಟುಕೊಳ್ಳಲಿ, ಬೇತುಲ್ ಅಣ್ಣ ಹೇಳಿದ ನೀರಿನ ಹೊತ್ತಿಗೆ ಸ್ವಲ್ಪ ಮುಂಚೆ ಮಕ್ಕಳನ್ನು ಕರೆಸಿ. ಲೈಫ್ ಜಾಕೆಟ್ ಮಕ್ಕಳ ಸೈಜಿನದೇ ಇರಲಿ, ಕಾಲ ಸಂದಿಯಿಂದ ಪಟ್ಟಿ ಬಿಗಿಯುವಂಥದ್ದು. ದೊಡ್ಡವರದು ಹಾಕಿದರೆ ನೀರಿಗೆ ಬಿದ್ದ ಕೂಡಲೇ ತಲೆಯ ಮೇಲಿಂದ ಜಾರುತ್ತದೆ.

ಜುವಾರಿ ದಂಡೆ, ವಾಸ್ಕೋ:
ಅಣ್ಣ, ಅಕ್ಕ, ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮುಖದ ಮಾತು ಮತ್ತೆ ಕಾಯ್ದೆಯ ಮಾತು ಎರಡನ್ನೂ ನಾಳೆಯೇ ಅವರಿಗೆ ಹೇಳುತ್ತೇನೆ. ಖಜಾನ್ ಎಪಿಸೋಡ್ ಮೊದಲು ಮಾಡೋಣ ಅನಿಸುತ್ತಿದೆ. ಒಂದು ಪ್ರಶ್ನೆ ಉಳಿದಿದೆ: ಕಾಲರ್ ಮೈಕ್ ಲೈಫ್ ಜಾಕೆಟ್‌ಗೆ ಉಜ್ಜಿ ಬರೀ ಕರಕರ ಶಬ್ದ, ಮೇಲೆ ಗಾಳಿ ಬೇರೆ. ಏನು ಮಾಡಲಿ?

ಎಡಿಟ್ ಟೇಬಲ್, ಮುಂಬೈ:
ಮಕ್ಕಳಿಗೆಲ್ಲಾ ಮುಂದೆ ಅಂಚಿರುವ ಟೋಪಿ ಹಾಕಿಸಿ, ಅಂಚಿನ ಒಳಗೆ ಮೈಕ್ ಅಂಟಿಸಿ, ಅದಕ್ಕೆ ತುಪ್ಪಳದ ಕವರ್ ಹಾಕಿ. ಬಾಯಿಗೂ ಹತ್ತಿರ, ಜಾಕೆಟ್‌ಗೂ ತಾಗಲ್ಲ. ಅಲೆಯ ಸದ್ದು, ಬಾಗಿಲಿನ ನೀರಿನ ಸದ್ದು ಬೇರೆಯಾಗಿ ಹತ್ತು ನಿಮಿಷ ರೆಕಾರ್ಡ್ ಮಾಡಿಕೊಂಡು ಬನ್ನಿ, ಎಡಿಟ್‌ಗೆ ಖಂಡಿತ ಬೇಕಾಗುತ್ತದೆ.